ಸೀಗಡಿಗೆ ಊಟ ಹಾಕಬೇಡಿ ಸ್ವಾಮೀ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಇವತ್ತು ಬರೆಸ್ತಾ ಇರೋದು ಸಿಟ್ಟು. ಮೊನ್ನೆ ಮನೆಗೆ ಬಂದ ಗೆಳೆಯರೊಬ್ಬರು ಮೇಜಿನ ಮೇಲಿನ ಗಾಜಿನ ತೊಟ್ಟಿ ನೋಡಿ "ಪಾಪ, ಹಸಿದಿವೆ ಅನ್ಸುತ್ತೆ" ಅಂದರು. ನಾನು ಕಾಫಿ ತರುವಷ್ಟರಲ್ಲಿ ಅರ್ಧ ಮುಚ್ಚಳ ಮೀನಿನ ಆಹಾರ ನೀರಿಗೆ ಸುರಿದಾಗಿತ್ತು! ಅವರು ಹೋದ ಮೇಲೆ ಒಂದು ಗಂಟೆ ಸಣ್ಣ ಪೈಪ್ ಹಿಡಿದು ಕೂತು ತಳದಲ್ಲಿದ್ದ ಕಾಳನ್ನೆಲ್ಲ ಎಳೆದು ತೆಗೆದೆ.

ನನ್ನ ತೊಟ್ಟಿಯಲ್ಲಿರೋದು ಚೆರ್ರಿ ಸೀಗಡಿ. ಎರಡು-ಮೂರು ಸೆಂಟಿಮೀಟರ್ ಉದ್ದ, ಕೆಂಪು ಬಣ್ಣ. ಮೂಲದಲ್ಲಿ ತೈವಾನ್, ಚೀನಾ ಕಡೆಯ ತೊರೆಗಳಲ್ಲಿ ಇರುವಂಥವು. (ನಮ್ಮೂರ ಕಡೆ ಚಟ್ಲಿ ಅಂದ್ರೆ ಬಾಣಲೆಗೆ ಅಂತಲೇ ಲೆಕ್ಕ. ಅಮ್ಮ ಮೊದಲ ಸಲ ನೋಡಿ "ಇದು ಒಂದು ಒಗ್ಗರಣೆಗೂ ಸಾಲ್ದಲ್ಲ ಮಾರಾಯ" ಅಂದಿದ್ದಳು :) )

ಗೆಳೆಯರನ್ನು ಬೈಯೋ ಹಕ್ಕು ನನಗೇನಿದೆ ಅಂತ ಕೇಳಬಹುದು. ಇದೆ. ಯಾಕಂದ್ರೆ ಮೊದಲು ತಂದ 20 ಸೀಗಡಿಗಳನ್ನು ಕೊಂದವನು ನಾನೇ. ಆಹಾರದ ಡಬ್ಬಿಯ ಮೇಲೆ "ದಿನಕ್ಕೆ ಎರಡು ಸಲ" ಅಂತ ಇತ್ತು. ಎಷ್ಟು ಜೀವಕ್ಕೆ, ಎಷ್ಟು ನೀರಿಗೆ ಅಂತ ಇರಲಿಲ್ಲ. ನನ್ನದು 25 ಲೀಟರ್ ತೊಟ್ಟಿ. ನಿಷ್ಠೆಯಿಂದ ಹಾಕಿದೆ. ಮೂರನೇ ವಾರ ನೀರು ಅಕ್ಕಿ ತೊಳೆದ ನೀರಿನ ಹಾಗಾಯ್ತು, ದಿನಕ್ಕೆರಡು ಸಾಯತೊಡಗಿದವು. ಗಾಬರಿಯಾಗಿ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬಿಸಿದೆ. ಆ ಏಟು ತಡೆಯಲಾರದೆ ಉಳಿದವೂ ಬೆಳಗಾಗುವುದರೊಳಗೆ ಹೋದವು. ಅಂಗಡಿಯವರನ್ನು ಕೇಳಿದ್ರೆ, "ಇನ್ನೊಂದು ಇಪ್ಪತ್ತು ಕೊಡ್ಲಾ ಸಾರ್?"

ಆಮೇಲೆ ಓದಿ ತಿಳ್ಕೊಂಡೆ. ತಿನ್ನದೆ ಉಳಿದ ಆಹಾರ ಕೊಳೆಯುತ್ತೆ, ಅದರಿಂದ ಅಮೋನಿಯಾ ಬರುತ್ತೆ. ತೊಟ್ಟಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಕೊನೆಗೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡ್ತವೆ. ಆದ್ರೆ ಅವುಗಳ ಕೈಲಾಗುವುದಕ್ಕೂ ಒಂದು ಮಿತಿ ಇದೆ. ಮಿತಿ ದಾಟಿದ್ರೆ ವಿಷ ನೀರಲ್ಲೇ ಉಳಿಯುತ್ತೆ. ನೀರಿನ ಪಿಎಚ್ ಹೆಚ್ಚಿದ್ದಷ್ಟೂ, ಬಿಸಿ ಹೆಚ್ಚಿದ್ದಷ್ಟೂ ಅಮೋನಿಯಾದ ವಿಷ ಹೆಚ್ಚು. ಜೊತೆಗೆ ಕೊಳೆಯುವಾಗ ನೀರಿನ ಆಮ್ಲಜನಕವೂ ಖರ್ಚಾಗುತ್ತೆ.

ಇನ್ನು "ಹಸಿದಿವೆ ಪಾಪ" ಅನ್ನೋ ಮಾತು. ಸೀಗಡಿ ಇಡೀ ದಿನ ಕಲ್ಲು, ಗಿಡ, ಗಾಜು ಎಲ್ಲವನ್ನೂ ಪುಟ್ಟ ಕೈಗಳಿಂದ ಕೆರೆದು ಕೆರೆದು ಬಾಯಿಗೆ ಹಾಕ್ತಾನೇ ಇರುತ್ತೆ. ನೋಡಿದವರು ಊಟ ಹುಡುಕ್ತಿದೆ ಅಂದ್ಕೋತಾರೆ. ಸ್ವಾಮೀ, ಅದೇ ಊಟ! ಪಾಚಿ, ಬ್ಯಾಕ್ಟೀರಿಯಾ, ಸೂಕ್ಷ್ಮಜೀವಿಗಳು ಸೇರಿ ಆದ ತೆಳು ಲೋಳೆಯ ಪದರ ಅಲ್ಲೆಲ್ಲ ಇರುತ್ತೆ. ನಾವು ಆ ಪಾಚಿಯನ್ನು ಗಸಗಸ ಉಜ್ಜಿ ತೆಗೆದು, ಮೇಲಿಂದ ಡಬ್ಬಿಯ ಕಾಳು ಹಾಕ್ತೀವಿ. ಎಲೆ ಮುಂದೆ ಕೂತವನ ಎಲೆ ಎತ್ತಿ ಬಿಸ್ಕತ್ತು ಕೊಟ್ಟ ಹಾಗೆ.

"ಹಾಗಾದ್ರೆ ಹಾಕಿದ ತಕ್ಷಣ ಯಾಕೆ ಮುತ್ತಿಕೊಳ್ತವೆ?" ಸಿಕ್ಕಿದ್ದನ್ನು ಸಿಕ್ಕಾಗ ತಿನ್ನೋದು ಅವುಗಳ ಸ್ವಭಾವ. ಮದುವೆ ಮನೆಯಲ್ಲಿ ನಾಲ್ಕನೇ ಹೋಳಿಗೆ ತಿನ್ನುವವನು ಹಸಿದಿರ್ತಾನಾ, ನೀವೇ ಹೇಳಿ.

ಎರಡನೇ ಸಲ ಸೀಗಡಿ ತಂದು, ತೊಟ್ಟಿ ಚೆನ್ನಾಗಿ ಹದಕ್ಕೆ ಬಂದ ಮೇಲೆ ಹಬ್ಬಕ್ಕೆ ಊರಿಗೆ ಹೋದೆ. ಪಕ್ಕದ ಮನೆ ಆಂಟಿ "ನಾನು ಹಾಕ್ತೀನಿ ಬಿಡಿ" ಅಂದ್ರೂ ಡಬ್ಬಿ ಕೊಡಲಿಲ್ಲ. ಒಂಬತ್ತು ದಿನ ಪೂರ್ತಿ ಉಪವಾಸ. ಊರಲ್ಲಿ ಅಮ್ಮ, "ಮೂಕಪ್ರಾಣಿಗಳು, ಹೊಟ್ಟೆಗೆ ಹಾಕದೆ ಬಂದ್ಯಾ?" ಅಂತ ದಿನಾ ಬೈದಳು. ವಾಪಸ್ ಬಂದು ನೋಡಿದ್ರೆ ಒಂದೂ ಸತ್ತಿರಲಿಲ್ಲ. ಒಂದರ ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು, ಪಾಚಿಯ ನಡುವೆ ಸಾಸಿವೆಗಿಂತ ಸ್ವಲ್ಪ ಉದ್ದದ ಮರಿಗಳು...

ಹಾಗಂತ ಪೂರ್ತಿ ಉಪವಾಸ ಹಾಕಿ ಅಂತಿಲ್ಲ. ಹೊಸ ತೊಟ್ಟಿಯಲ್ಲಿ ಆ ಪದರ ಬೆಳೆದಿರಲ್ಲ, ಸಂಖ್ಯೆ ಹೆಚ್ಚಾದ್ರೆ ಅದು ಸಾಲಲ್ಲ. ಈಗ ನಾನು ಮಾಡೋದು ಇಷ್ಟೇ: ಎರಡು-ಮೂರು ದಿನಕ್ಕೊಮ್ಮೆ, 20 ಸೀಗಡಿಗೆ ಅರ್ಧ ತೊಗರಿಬೇಳೆಯಷ್ಟು. ಎರಡು ಗಂಟೆಯಲ್ಲಿ ಮುಗಿಯದಿದ್ರೆ ತೆಗೆದುಬಿಡ್ತೀನಿ, ಮುಂದಿನ ಸಲ ಇನ್ನೂ ಕಮ್ಮಿ. ಹಿಂದಿನ ಗಾಜಿನ ಪಾಚಿ ಮುಟ್ಟಲ್ಲ. ಬಾದಾಮಿ ಮರದ ಒಣಗಿದ ಎಲೆ ಒಂದನ್ನು ತೊಳೆದು ಹಾಕಿರ್ತೀನಿ, ವಾರಗಟ್ಟಲೆ ಅದರ ಮೇಲೆ ಮೇಯ್ತವೆ. ವಾರಕ್ಕೊಮ್ಮೆ ಸ್ವಲ್ಪವೇ ನೀರು ಬದಲಾಯಿಸ್ತೀನಿ.

ನಾವು ಕಾಳು ಹಾಕೋದು ಬಹುಪಾಲು ನಮ್ಮ ಸಂತೋಷಕ್ಕೆ. ಅವು ಓಡಿ ಬರಬೇಕು, ನಾವು ನೋಡಬೇಕು, ಅನ್ನದಾತರು ಅನ್ನಿಸಿಕೊಳ್ಳಬೇಕು. ಆ ಸಂತೋಷದ ಬಿಲ್ ಕಟ್ಟೋದು ಮಾತ್ರ ಅವು.

ಡಬ್ಬಿಯನ್ನು ಈಗ ಅಟ್ಟದ ಮೇಲಿಟ್ಟಿದ್ದೇನೆ. ಗೆಳೆಯರು ಮತ್ತೆ ಬರಲಿ, ಅವರಿಗೇ ಹೊಟ್ಟೆ ತುಂಬಾ ಬಡಿಸೋಣ. ನಿಮ್ಮಲ್ಲಿ ಯಾರಾದ್ರೂ ಸೀಗಡಿ ಸಾಕ್ತಾ ಇದ್ರೆ, ಇವತ್ತೊಂದು ದಿನ ಏನೂ ಹಾಕದೆ ಸುಮ್ನೆ ಕೂತು ನೋಡಿ. ಏನು ಕಂಡಿತು ಅಂತ ಬರೀತೀರಲ್ವಾ?