ಬಸುರಿಯ ಹಸಿವಿಗೆ ತಂಬಾಕು ಕೊಟ್ಟವರು ಯಾರು?



ಬಸುರಿ ಹೆಂಗಸು ತಂಬಾಕು ತಿಂತಾಳೆ ಅಂದ ಕೂಡಲೇ ಓದಿದವರ ಬಾಯಿಂದ ಬರುವ ಮಾತು ಒಂದೇ: 'ಈ ಜನಕ್ಕೆ ಬುದ್ಧಿ ಇಲ್ಲ.' ದವಾಖಾನೆಯ ಬಾಗಿಲಲ್ಲಿ ಕೇಳಿದ್ದೇವೆ, ಸಾಲಿ ಮಾಸ್ತರರ ಖೋಲಿಯಲ್ಲೂ ಕೇಳಿದ್ದೇವೆ. 'ಈ ಜನ' ಅಂದರೆ ಯಾರು ಅಂತ ನಮಗೆ ಗೊತ್ತಿದೆ. ನಾವೇ.

ಕುಮಾರಪಟ್ಟಣ, ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ಹೈಬ್ರಿಡ್ ಬೀಜದ ಪ್ಲಾಟುಗಳಿವೆ. ಒಂದೊಂದು ಹೂವಿಗೂ ಬಗ್ಗಿ ಪರಾಗ ಮುಟ್ಟಿಸುವ ಬೆರಳು ಹೆಂಗಸರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರೂ ಅವರೇ. ಆರು ತಿಂಗಳ ಹೊಟ್ಟೆ ಹೊತ್ತು ಖಾರದ ಘಾಟಿನಲ್ಲಿ ಕೂತವಳು ಹಸಿವನ್ನು, ಹಲ್ಲುನೋವನ್ನು, ನಡುವಿನ ಸೆಳೆತವನ್ನು ಯಾವುದರಿಂದ ತಡೀಬೇಕು? ಚಂಚಿ ಬಿಚ್ಚುತ್ತಾಳೆ. ಎಲಿ, ಅಡಿಕಿ, ಸುಣ್ಣ, ಚಿಟಿಕಿ ತಂಬಾಕು. ಊಟಕ್ಕಿಂತ ಅದು ಅಗ್ಗ. 'ಇಷ್ಟು ಹಾಕ್ಕೊಂಡ್ರ ಸಂಜಿತನಕ ಹಸಿವಿ ಗೊತ್ತಾಗೂದಿಲ್ಲೋ ತಮ್ಮಾ!'

ಆಕೆಗೆ ಗೊತ್ತಾಗೂದಿಲ್ಲ, ಕೂಸಿಗೆ ಗೊತ್ತಾಗುತ್ತದೆ. ನಿಕೋಟಿನ್ ತಾಯಿಯ ರಕ್ತದಿಂದ ಕೂಸಿನ ರಕ್ತಕ್ಕೆ ಇಳಿಯುತ್ತದೆ. ರಕ್ತನಾಳ ಬಿಗಿದು, ಕೂಸಿಗೆ ಹೋಗಬೇಕಾದ ಅನ್ನ, ಉಸಿರು ಎರಡೂ ಕಡಿಮೆಯಾಗುತ್ತವೆ. 2004ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನವೊಂದು 1,217 ಹೆಂಗಸರ ಬಸುರು-ಬಾಣಂತನವನ್ನು ಹಿಂಬಾಲಿಸಿ ನೋಡಿತು. ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ. ದಿನ ತುಂಬುವ ಮೊದಲೇ ಹುಟ್ಟಿದವರು ಹೆಚ್ಚು. ನೂರು ಗ್ರಾಂ ಏನು ಮಹಾ ಅಂತೀರಾ? ಉಳ್ಳವರ ಮನೆಯ ಮೂರು ಕಿಲೋ ಕೂಸಿಗೆ ಅದು ಏನೂ ಅಲ್ಲ. ರಕ್ತವಿಲ್ಲದ ತಾಯಿಯ ಹೊಟ್ಟೆಯಿಂದ ಬಂದು ಎರಡೂವರೆ ಕಿಲೋ ಗೆರೆಯ ಮೇಲೆ ನಿಂತ ನಮ್ಮ ಕೂಸಿಗೆ ಅದು ಗೆರೆಯಿಂದ ಕೆಳಗೆ ಬೀಳುವ ಮಾತು. 'ಸಣ್ಣ ಕೂಸಾದ್ರ ಹಡಿಯೋದು ಸಲೀಸು' ಅನ್ನುವ ಮುದುಕಿಯರ ಜೊತೆ ನಾವು ಜಗಳ ಆಡಲೇಬೇಕು. ಅಂಥ ಕೂಸು ಮೈಬಿಸಿ ಹಿಡಿಯಲಾರದು, ಮೊಲೆ ಎಳೆಯಲಾರದು.

ಕುಡಿತದ್ದೂ ಇದೇ ಕಥೆ. ಬಸುರಿನಲ್ಲಿ ಕುಡಿದರೆ ಕೂಸಿನ ಮೆದುಳು, ಮುಖ, ಬೆಳವಣಿಗೆ ಕೆಡುವ ರೋಗಕ್ಕೆ ಅಮೆರಿಕದ ವೈದ್ಯರು 1973ರಲ್ಲೇ ಹೆಸರಿಟ್ಟರು. ನಮ್ಮ ಸರಕಾರ 2007ರಲ್ಲಿ ಸಾರಾಯಿ ನಿಲ್ಲಿಸಿತು. ತನ್ನದೇ ಎಂಎಸ್‌ಐಎಲ್ ಅಂಗಡಿಯಲ್ಲಿ ಬಾಟಲಿ ಮಾರಿತು. 2013ರಲ್ಲಿ ಗುಟಕಾ ನಿಷೇಧಿಸಿತು. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆದವು. ಬಾಯಿಗೆ ಹಾಕಿಕೊಂಡ ಮೇಲೆ ಎರಡೂ ಕೂಡಿ ಗುಟಕಾನೇ. ಬುದ್ಧಿ ಇಲ್ಲದ್ದು ಯಾರಿಗೆ?

ನಮ್ಮ ಪೈಕಿ ಕೆಲವು ಕವಿಗಳು ಅವ್ವನ ಚಂಚಿಯನ್ನು ನೆಲದ ಸಂಸ್ಕೃತಿ ಅಂತ ಹಾಡುತ್ತಾರೆ. ಅದರೊಳಗೆ ಇರುವುದು ಅವ್ವ ನುಂಗಿಕೊಂಡ ಹಸಿವು. ಅದನ್ನು ಹಾಡಿ ಚಪ್ಪಾಳೆ ಗಿಟ್ಟಿಸುವುದು ನಮಗೆ ಬೇಡ.

ಹೆರಿಗೆ ರಜೆಯ ಕಾನೂನು 1961ರಲ್ಲೇ ಬಂತು. 2017ರಲ್ಲಿ ರಜೆ 26 ವಾರಕ್ಕೆ ಏರಿತು. ಅದು ಮಸ್ಟರಿನಲ್ಲಿ ಹೆಸರಿದ್ದವಳಿಗೆ. ಹೊಲದ ಕೂಲಿಯವಳ ಹೆಸರು ಯಾವ ಮಸ್ಟರಿನಲ್ಲಿತ್ತು? ಅದೇ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು, ಅಂಗನವಾಡಿಗೆ ಬಂದು ಉಣ್ಣಿರಿ ಅಂದರು. ಊಟದ ಹೊತ್ತಿಗೆ ಬಸುರಿ ಬೇರೆಯವರ ಹೊಲದಲ್ಲಿ. ಕೆಲಸ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಖೋತಾ.

ಊಟ ಕೆಲಸದ ಜಾಗಕ್ಕೆ ಬರಲಿ. ಕೊನೆಯ ತಿಂಗಳುಗಳ ಕೂಲಿಯನ್ನು ಬೀಜದ ಕಂಪನಿಯವರು, ಮೆಣಸಿನಕಾಯಿ ವರ್ತಕರು ಕಟ್ಟಿಕೊಡಲಿ. ಮಾಸ್ತರರೇ, ಸಾಲಿಯ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನಿದೆ. ಗೇಟಿನ ಎದುರಿನ ಅಂಗಡಿಯನ್ನು ಮೊದಲು ಕೇಳ್ರಿ. ಯವ್ವಾ, ತಂಗೀ, ತಂಬಾಕನ್ನು ಇವತ್ತೇ ಚಂಚಿಯಿಂದ ತೆಗೀರಿ, ಅಡಿಕಿನೂ ಬ್ಯಾಡ. ಬರುವ ಗ್ರಾಮಸಭೆಗೆ ಕೂಸಿನ ತೂಕ ಬರೆದ ತಾಯಿ ಕಾರ್ಡು ಹಿಡಕೊಂಡು ಬರ್ರಿ. ಎಲ್ಲರ ಮುಂದೆ ಗಟ್ಟಿಯಾಗಿ ಓದೋಣ.