ಸೂಜಿಚುಚ್ಚು ಗಾಯಗಳು ಮತ್ತು ಸುರಕ್ಷಿತ ಸಿರಿಂಜು: ದರಪಟ್ಟಿಯಲ್ಲಿ ಕಾಣದ ವೆಚ್ಚ

ರೋಗಿಗೆ ಬಳಸಿದ ಸೂಜಿಯು ಆಕಸ್ಮಿಕವಾಗಿ ಶುಶ್ರೂಷಾಧಿಕಾರಿ, ವೈದ್ಯ, ಪ್ರಯೋಗಶಾಲಾ ತಂತ್ರಜ್ಞ ಅಥವಾ ಸ್ವಚ್ಛತಾ ಸಿಬ್ಬಂದಿಯ ಕೈಗೆ ಚುಚ್ಚಿಕೊಳ್ಳುವುದನ್ನು ಸೂಜಿಚುಚ್ಚು ಗಾಯವೆಂದು ಕರೆಯಲಾಗುತ್ತದೆ. ಗಾಯದ ಗಾತ್ರ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಆದರೆ ಸೂಜಿಯ ಟೊಳ್ಳಿನಲ್ಲಿ ಉಳಿದಿರುವ ರಕ್ತದ ಮೂಲಕ ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ಹಾಗೂ ಹೆಚ್.ಐ.ವಿ. ಸೋಂಕುಗಳು ಹರಡುವ ಸಾಧ್ಯತೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರ ತನ್ನ ವರದಿಯಲ್ಲಿ, ಪ್ರಪಂಚದ ಸುಮಾರು 3.5 ಕೋಟಿ ಆರೋಗ್ಯ ಕಾರ್ಯಕರ್ತರ ಪೈಕಿ ಪ್ರತಿ ವರ್ಷ ಸುಮಾರು 30 ಲಕ್ಷ ಮಂದಿ ಇಂತಹ ಗಾಯಗಳಿಂದ ರಕ್ತಜನ್ಯ ಸೋಂಕಿನ ಅಪಾಯಕ್ಕೆ ಒಳಗಾಗುತ್ತಾರೆಂದು ಅಂದಾಜಿಸಿತ್ತು. ಸೋಂಕಿತ ರೋಗಿಗೆ ಬಳಸಿದ ಸೂಜಿಯಿಂದ ಒಮ್ಮೆ ಚುಚ್ಚಿಕೊಂಡಲ್ಲಿ ಹೆಚ್.ಐ.ವಿ. ತಗಲುವ ಸಂಭವ ಸಾವಿರದಲ್ಲಿ ಸುಮಾರು 3 ಮಾತ್ರ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಂಭವವಾದರೋ ನೂರರಲ್ಲಿ 6 ರಿಂದ 30ರವರೆಗೆ ಇದೆ. ಸಾರ್ವಜನಿಕರಲ್ಲಿ ಮೊದಲನೆಯದರ ಭಯ ಹೆಚ್ಚು, ಎರಡನೆಯದರ ಅರಿವು ಕಡಿಮೆ.

ಸುರಕ್ಷಿತ ಸಿರಿಂಜು ಎಂಬ ಪದವನ್ನು ನಮ್ಮಲ್ಲಿ ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸಲಾಗುತ್ತಿದ್ದು, ಈ ಗೊಂದಲವು ಕೇವಲ ಪದಕ್ಕೆ ಸಂಬಂಧಿಸಿದ್ದಲ್ಲ. ಆದುದರಿಂದ ಅದನ್ನು ಮೊದಲು ಸ್ಪಷ್ಟಪಡಿಸುವುದು ಅವಶ್ಯಕ.

ಯಾರಿಗೆ ಸುರಕ್ಷಿತ?

ನಮ್ಮ ದೇಶದಲ್ಲಿ ಕಳೆದ ಎರಡು ದಶಕಗಳ ಪ್ರಯತ್ನವೆಲ್ಲವೂ ಬಹುಮಟ್ಟಿಗೆ ಒಂದೇ ಸಿರಿಂಜನ್ನು ಮತ್ತೊಬ್ಬರಿಗೆ ಬಳಸುವುದನ್ನು ತಡೆಯುವುದರ ಕಡೆಗಿತ್ತು. ಇದಕ್ಕೆ ಬಲವಾದ ಕಾರಣಗಳೂ ಇದ್ದವು. 2009ರಲ್ಲಿ ಗುಜರಾತಿನ ಅಂದಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್-ಬಿ ಹರಡಿ ಹಲವು ಹತ್ತು ಜನರು ಮೃತಪಟ್ಟರು. 2018ರ ಆರಂಭದಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯಲ್ಲಿ ಹತ್ತಾರು ಮಂದಿಗೆ ಹೆಚ್.ಐ.ವಿ. ಸೋಂಕು ಪತ್ತೆಯಾದಾಗ, ಅನಧಿಕೃತ ವೈದ್ಯನೊಬ್ಬನು ಒಂದೇ ಸೂಜಿಯನ್ನು ಹಲವರಿಗೆ ಬಳಸಿದ ಆರೋಪವು ಮುನ್ನೆಲೆಗೆ ಬಂದಿತು. ಇದಕ್ಕೂ ಮೊದಲೇ, 1999ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಗಳು ಜಂಟಿ ಹೇಳಿಕೆ ಹೊರಡಿಸಿ, 2003ರ ಅಂತ್ಯದೊಳಗೆ ಎಲ್ಲ ಲಸಿಕಾ ಕಾರ್ಯಕ್ರಮಗಳಲ್ಲಿ ಸ್ವಯಂ ನಿಷ್ಕ್ರಿಯಗೊಳ್ಳುವ ಸಿರಿಂಜುಗಳನ್ನೇ ಬಳಸಬೇಕೆಂದು ತಿಳಿಸಿದ್ದವು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಈ ಸಿರಿಂಜುಗಳಿಗೆ ಬದಲಾಯಿತು. ಕೋವಿಡ್ ಲಸಿಕೆಯ 220 ಕೋಟಿಗೂ ಮಿಕ್ಕಿದ ಡೋಸ್‌ಗಳನ್ನು ನೀಡುವಲ್ಲಿಯೂ 0.5 ಮಿ.ಲೀ. ಅಳತೆಯ ಇಂತಹ ಸಿರಿಂಜುಗಳೇ ಪ್ರಧಾನ ಪಾತ್ರ ವಹಿಸಿದವು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಸಿರಿಂಜುಗಳ ರಫ್ತಿನ ಮೇಲೆ ತಾತ್ಕಾಲಿಕ ಮಿತಿ ವಿಧಿಸಬೇಕಾಗಿ ಬಂದುದು ಬೇಡಿಕೆ ಎಷ್ಟಿತ್ತೆಂಬುದಕ್ಕೆ ನಿದರ್ಶನ.

ಸ್ವಯಂ ನಿಷ್ಕ್ರಿಯ ಸಿರಿಂಜಿನಲ್ಲಿ ಒತ್ತುದಂಡವನ್ನು ಒಮ್ಮೆ ಪೂರ್ಣವಾಗಿ ಒತ್ತಿದ ಮೇಲೆ ಕೊಳವೆಯೊಳಗಿನ ಕೊಕ್ಕೆಯು ಅದನ್ನು ಹಿಡಿದುಕೊಳ್ಳುತ್ತದೆ. ಬಲವಂತವಾಗಿ ಎಳೆದಲ್ಲಿ ದಂಡವೇ ಮುರಿಯುತ್ತದೆ. ಮುಂದಿನ ರೋಗಿಯು ಸುರಕ್ಷಿತ. ಆದರೆ ಆ ಕ್ಷಣದಲ್ಲಿ ಸೂಜಿಯ ಮೊನೆಯು ಹಿಂದಿನಂತೆಯೇ ತೆರೆದು, ರಕ್ತಸಿಕ್ತವಾಗಿ, ಚುಚ್ಚುಮದ್ದು ನೀಡಿದವರ ಕೈಯಲ್ಲೇ ಇರುತ್ತದೆ. ಈ ಸಿರಿಂಜು ರೋಗಿಯನ್ನು ರಕ್ಷಿಸುತ್ತದೆ, ಶುಶ್ರೂಷಾಧಿಕಾರಿಯನ್ನು ಅಲ್ಲ. ಅವರನ್ನು ರಕ್ಷಿಸುವುದು ಬೇರೆಯೇ ವಿನ್ಯಾಸ. ಅಂತರರಾಷ್ಟ್ರೀಯ ಮಾನದಂಡಗಳಲ್ಲಿಯೂ ಇವೆರಡಕ್ಕೆ ಪ್ರತ್ಯೇಕ ಸಂಖ್ಯೆಗಳಿವೆ: ಲಸಿಕೆಗಾಗಿ ಸ್ವಯಂ ನಿಷ್ಕ್ರಿಯ ಸಿರಿಂಜಿಗೆ ಐ.ಎಸ್.ಒ. 7886-3, ಇತರ ಮರುಬಳಕೆ-ನಿರೋಧಕ ಸಿರಿಂಜಿಗೆ ಐ.ಎಸ್.ಒ. 7886-4, ಚೂಪು ವಸ್ತುಗಳಿಂದಾಗುವ ಗಾಯದ ರಕ್ಷಣೆಗೆ ಐ.ಎಸ್.ಒ. 23908. ಟೆಂಡರ್ ದಾಖಲೆಯಲ್ಲಿ ಕೇವಲ "ಸುರಕ್ಷಿತ ಸಿರಿಂಜು" ಎಂದು ನಮೂದಿಸಿ ಕೊನೆಯ ಸಂಖ್ಯೆಯನ್ನು ನಮೂದಿಸದಿದ್ದಲ್ಲಿ, ಸರಬರಾಜುದಾರರು ಮರುಬಳಕೆ-ನಿರೋಧಕ ಸಿರಿಂಜನ್ನು ಮಾತ್ರ ಒದಗಿಸಿದರೂ ಷರತ್ತು ಪಾಲಿಸಿದಂತೆಯೇ ಆಗುತ್ತದೆ.

ವಿನ್ಯಾಸದ ವಿವರ

ಸೂಜಿಚುಚ್ಚು ಗಾಯಗಳಿಗೆ ಬಹುಕಾಲದಿಂದ ಸಿಬ್ಬಂದಿಯ ಅಜಾಗರೂಕತೆಯೇ ಕಾರಣವೆಂದು ಹೇಳಿಕೊಂಡು ಬರಲಾಗಿದೆ. ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪಲಾಗದು. ಒಂದು ಕೈಯಲ್ಲಿ ತೆರೆದ ಸೂಜಿ, ಇನ್ನೊಂದು ಕೈಯಲ್ಲಿ ಕಿರುಬೆರಳಿಗಿಂತ ಸಣ್ಣದಾದ ಮುಚ್ಚಳ. ಎರಡನ್ನೂ ಎದುರುಬದುರಾಗಿ ತಂದು ಜೋಡಿಸುವ ಕೆಲಸವನ್ನು ರಾತ್ರಿ ಪಾಳಿಯಲ್ಲಿ ಹತ್ತಾರು ಸಲ ಮಾಡಬೇಕಾದ ವ್ಯಕ್ತಿಯ ಕೈ ಎಂದಾದರೊಮ್ಮೆ ತಪ್ಪುವುದು ಸ್ವಾಭಾವಿಕ. ಬಳಸಿದ ಸೂಜಿಗೆ ಮುಚ್ಚಳ ಮರುಹಾಕಬಾರದೆಂಬ ಸೂಚನೆ ಇರುವುದು ಇದೇ ಕಾರಣಕ್ಕೆ. ಆದರೆ ಮುಚ್ಚಳ ಹಾಕದ ಸೂಜಿಯನ್ನು ಎಲ್ಲಿ ಇಡಬೇಕು? ಚೂಪು ವಸ್ತುಗಳ ಡಬ್ಬಿಯಾಗಲಿ, ಸೂಜಿ ಕತ್ತರಿಸುವ ಯಂತ್ರವಾಗಲಿ ವಾರ್ಡಿನ ಇನ್ನೊಂದು ತುದಿಯಲ್ಲಿದ್ದರೆ ತೆರೆದ ಸೂಜಿಯನ್ನು ಹಿಡಿದು ಅಷ್ಟು ದೂರ ನಡೆಯಬೇಕಾಗುತ್ತದೆ.

ಈ ಪ್ರಶ್ನೆಗೆ ಸಿರಿಂಜಿನಲ್ಲಿಯೇ ಉತ್ತರ ಕಂಡುಕೊಳ್ಳಲು ವಿನ್ಯಾಸಕಾರರು ಪ್ರಯತ್ನಿಸಿದ್ದಾರೆ. ಸೂಜಿಯ ಬುಡದಲ್ಲಿ ಕೀಲುಳ್ಳ ಮುಚ್ಚಳವಿದ್ದು, ಅದನ್ನು ಅದೇ ಕೈಯ ಹೆಬ್ಬೆರಳಿನಿಂದ ಮಡಚುವುದು ಒಂದು ಬಗೆ. ಸಿರಿಂಜಿನ ಹೊರಕವಚವನ್ನು ಮುಂದಕ್ಕೆ ಸರಿಸಿ ಸೂಜಿಯನ್ನು ಮುಚ್ಚುವುದು ಇನ್ನೊಂದು. ಮೂರನೆಯದರಲ್ಲಿ, ಔಷಧ ಮುಗಿದ ನಂತರ ಒತ್ತುದಂಡವನ್ನು ಇನ್ನಷ್ಟು ಒತ್ತಿದೊಡನೆ ಸೂಜಿಯು ಸ್ಪ್ರಿಂಗಿನ ಸೆಳೆತದಿಂದ ರೋಗಿಯ ದೇಹದಿಂದ ನೇರವಾಗಿ ಕೊಳವೆಯೊಳಕ್ಕೆ ಸರಿದು ಮರೆಯಾಗುತ್ತದೆ. ಮೊದಲೆರಡು ಬಗೆಗಳಲ್ಲಿ ಸಿಬ್ಬಂದಿಯು ಒಂದು ಕ್ರಿಯೆಯನ್ನು ನೆನಪಿಟ್ಟು ಮಾಡಬೇಕು. ಮೂರನೆಯದರಲ್ಲಿ ಚುಚ್ಚುಮದ್ದು ಮುಗಿಸುವ ಕ್ರಿಯೆಯೇ ರಕ್ಷಣೆಯ ಕ್ರಿಯೆಯೂ ಆಗುತ್ತದೆ. ಫ್ರಾನ್ಸಿನ 61 ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು, ತಾನಾಗಿಯೇ ಕಾರ್ಯಗತವಾಗುವ ಸಾಧನಗಳಲ್ಲಿ ಗಾಯದ ಪ್ರಮಾಣವು ಕೈಯಿಂದ ಚಾಲನೆಗೊಳಿಸುವ ಸಾಧನಗಳಿಗಿಂತ ಕಡಿಮೆಯೆಂದು ತೋರಿಸಿತು.

ಅಮೆರಿಕದ ಅನುಭವ

ಉತ್ತಮ ವಿನ್ಯಾಸ ಲಭ್ಯವಿದ್ದ ಮಾತ್ರಕ್ಕೆ ಅದು ವಾರ್ಡಿಗೆ ತಲುಪುವುದಿಲ್ಲ. ಟೆಕ್ಸಾಸ್ ರಾಜ್ಯದ ಎಂಜಿನಿಯರ್ ಥಾಮಸ್ ಶಾ ಅವರು ಹಿಂದಕ್ಕೆ ಸರಿಯುವ ಸೂಜಿಯುಳ್ಳ 'ವ್ಯಾನಿಶ್‌ಪಾಯಿಂಟ್' ಸಿರಿಂಜನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಅಲ್ಲಿನ ಆಸ್ಪತ್ರೆಗಳು ಗುಂಪು ಖರೀದಿ ಸಂಸ್ಥೆಗಳ ಮೂಲಕ ದೊಡ್ಡ ತಯಾರಕರೊಂದಿಗೆ ದೀರ್ಘಾವಧಿ ಒಪ್ಪಂದಗಳನ್ನು ಮಾಡಿಕೊಂಡಿದ್ದರಿಂದ ತಮ್ಮ ಸಿರಿಂಜಿಗೆ ಪ್ರವೇಶವೇ ದೊರೆಯುತ್ತಿಲ್ಲವೆಂದು ಅವರ ಕಂಪನಿಯು ನ್ಯಾಯಾಲಯದ ಮೊರೆ ಹೋಯಿತು. 2004ರಲ್ಲಿ ಬೆಕ್ಟನ್ ಡಿಕಿನ್ಸನ್ ಕಂಪನಿಯು 10 ಕೋಟಿ ಡಾಲರ್ ನೀಡಿ ಆ ಮೊಕದ್ದಮೆಯನ್ನು ರಾಜಿಯಲ್ಲಿ ಇತ್ಯರ್ಥಪಡಿಸಿಕೊಂಡಿತು. ಖರೀದಿಯ ಕರಾರುಪತ್ರಗಳು ವಿನ್ಯಾಸಕ್ಕಿಂತ ಬಲಶಾಲಿಯಾಗಬಲ್ಲವೆಂಬುದಕ್ಕೆ ಈ ವ್ಯಾಜ್ಯವನ್ನು ಗಮನಿಸಬಹುದು.

ಪರಿಸ್ಥಿತಿಯನ್ನು ಬದಲಿಸಿದ್ದು ಶಾಸನ. 1998ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಸುರಕ್ಷಿತ ಸೂಜಿಗಳನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. 2000ದ ನವೆಂಬರ್ 6ರಂದು ಅಧ್ಯಕ್ಷ ಕ್ಲಿಂಟನ್ ಅವರು ಸೂಜಿಚುಚ್ಚು ಸುರಕ್ಷತೆ ಮತ್ತು ತಡೆ ಕಾಯ್ದೆಗೆ ಸಹಿ ಹಾಕಿದರು. ಉದ್ಯೋಗದಾತರು ಸುರಕ್ಷಿತ ಸಾಧನಗಳನ್ನು ಪರಿಶೀಲಿಸಿ ಬಳಕೆಗೆ ತರಬೇಕು, ಪ್ರತಿ ಗಾಯವನ್ನೂ ಸಾಧನದ ಹೆಸರಿನೊಂದಿಗೆ ವಹಿಯಲ್ಲಿ ದಾಖಲಿಸಬೇಕು, ಸಾಧನದ ಆಯ್ಕೆಯಲ್ಲಿ ಅದನ್ನು ಪ್ರತ್ಯಕ್ಷವಾಗಿ ಬಳಸುವ ಸಿಬ್ಬಂದಿಯ ಅಭಿಪ್ರಾಯ ಪಡೆಯಬೇಕು ಎಂಬುದು ಅದರ ತಿರುಳು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾಯ್ದೆ ಜಾರಿಗೆ ಬಂದ 2001ರಲ್ಲಿ ಅಧ್ಯಯನಕ್ಕೊಳಪಟ್ಟ ಆಸ್ಪತ್ರೆಗಳಲ್ಲಿ ಗಾಯಗಳ ಪ್ರಮಾಣವು ಸುಮಾರು ಶೇಕಡ 38ರಷ್ಟು ಇಳಿಯಿತು. ಐರೋಪ್ಯ ಒಕ್ಕೂಟವು 2010ರಲ್ಲಿ ಇದೇ ಸ್ವರೂಪದ ನಿರ್ದೇಶನ ಹೊರಡಿಸಿ 2013ರ ಮೇ ತಿಂಗಳೊಳಗೆ ಜಾರಿಗೊಳಿಸುವಂತೆ ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರ ಫೆಬ್ರವರಿಯಲ್ಲಿ, 2020ರೊಳಗೆ ಎಲ್ಲ ದೇಶಗಳೂ ಸುರಕ್ಷಿತ ಸಿರಿಂಜುಗಳಿಗೆ ಬದಲಾಗಬೇಕೆಂದು ಕರೆ ನೀಡಿತಾದರೂ ಅನೇಕ ದೇಶಗಳಲ್ಲಿ ಆ ಗುರಿ ಈಡೇರಲಿಲ್ಲ.

ಯಾವ ಲೆಕ್ಕಶೀರ್ಷಿಕೆ?

ಗುರಿ ಈಡೇರದಿರಲು ಸಾಮಾನ್ಯವಾಗಿ ನೀಡಲಾಗುವ ಕಾರಣ ಬೆಲೆ. 2015ರ ಅದೇ ಪ್ರಕಟಣೆಯಲ್ಲಿ ಸಾಮಾನ್ಯ ಸಿರಿಂಜಿನ ಬೆಲೆ 3 ರಿಂದ 4 ಅಮೆರಿಕನ್ ಸೆಂಟ್ ಎಂದೂ, ಸುರಕ್ಷಿತ ಸಿರಿಂಜಿಗೆ ಕನಿಷ್ಠ ಅದರ ಎರಡರಷ್ಟು ಎಂದೂ ತಿಳಿಸಲಾಗಿತ್ತು. ಸೂಜಿ ಹಿಂದಕ್ಕೆ ಸರಿಯುವ ಬಗೆಯ ಸಿರಿಂಜಿಗೆ ಇನ್ನೂ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಒಂದು ಸಿರಿಂಜಿಗೆ ಕೇವಲ ಒಂದು ರೂಪಾಯಿ ಹೆಚ್ಚಾದರೂ 10 ಲಕ್ಷ ಸಿರಿಂಜುಗಳ ಟೆಂಡರ್‌ನಲ್ಲಿ 10 ಲಕ್ಷ ರೂಪಾಯಿಗಳ ವ್ಯತ್ಯಾಸವು ತುಲನಾತ್ಮಕ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆ ಬರುವುದೂ ಈ ವ್ಯತ್ಯಾಸಕ್ಕೇ.

ಇನ್ನೊಂದು ಬದಿಯ ವೆಚ್ಚವು ಹೀಗೆ ಕಾಣುವುದಿಲ್ಲ. ಒಬ್ಬ ಸಿಬ್ಬಂದಿಗೆ ಸೂಜಿ ಚುಚ್ಚಿಕೊಂಡಾಗ ಮೂಲ ರೋಗಿಯ ಹಾಗೂ ಗಾಯಾಳುವಿನ ರಕ್ತಪರೀಕ್ಷೆ, 28 ದಿನಗಳ ಔಷಧ, ಆರು ವಾರ, ಮೂರು ತಿಂಗಳು, ಆರು ತಿಂಗಳುಗಳ ನಂತರದ ಮರುಪರೀಕ್ಷೆ, ಔಷಧದ ಅಡ್ಡಪರಿಣಾಮದಿಂದ ತೆಗೆದುಕೊಳ್ಳುವ ರಜೆ ಇವೆಲ್ಲವೂ ಸೇರುತ್ತವೆ. ಪರೀಕ್ಷೆಯ ಖರ್ಚು ಪ್ರಯೋಗಶಾಲೆಗೆ, ಔಷಧದ ಖರ್ಚು ಏಡ್ಸ್ ನಿಯಂತ್ರಣ ಕಾರ್ಯಕ್ರಮಕ್ಕೆ, ರಜೆಯ ಖರ್ಚು ವೇತನಕ್ಕೆ ಹೋಗುತ್ತದೆ. ಯಾವುದೂ ಸಿರಿಂಜಿನ ಲೆಕ್ಕಶೀರ್ಷಿಕೆಗೆ ಬರುವುದಿಲ್ಲ. ಆರು ತಿಂಗಳ ಕಾಲ ಒಂದು ಕುಟುಂಬವು ಅನುಭವಿಸುವ ಆತಂಕಕ್ಕಂತೂ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, ನಾವು ಖರೀದಿ ದರವನ್ನು ಹೋಲಿಸುತ್ತಿದ್ದೇವೆಯೇ ಹೊರತು ಬಳಕೆಯ ಒಟ್ಟು ವೆಚ್ಚವನ್ನಲ್ಲ.

ಕಡಿಮೆ ದರಕ್ಕೇ ಟೆಂಡರ್ ನೀಡಬೇಕೆಂಬ ನಿಯಮವಿರುವುದರಿಂದ ಅನ್ಯಮಾರ್ಗವಿಲ್ಲವೆಂಬ ವಾದವೂ ಕೇಳಿಬರುತ್ತದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ಕನಿಷ್ಠ ಟೆಂಡರನ್ನು ನಿರ್ಧರಿಸುವುದು ಟೆಂಡರ್ ದಾಖಲೆಯಲ್ಲಿ ಮೊದಲೇ ಪ್ರಕಟಿಸಿದ ಮಾನದಂಡಗಳ ಆಧಾರದ ಮೇಲೆ. ಗಾಯದ ರಕ್ಷಣೆಯನ್ನು ತಾಂತ್ರಿಕ ವಿವರಣೆಯಲ್ಲಿಯೇ ಸೇರಿಸಿದಲ್ಲಿ, ಆ ಗುಣವುಳ್ಳ ಸಿರಿಂಜುಗಳ ನಡುವೆಯೇ ದರಸ್ಪರ್ಧೆ ನಡೆಯುತ್ತದೆ. ಆದುದರಿಂದ ನಿರ್ಧಾರವು ದರ ತೆರೆಯುವ ದಿನದ್ದಲ್ಲ, ತಾಂತ್ರಿಕ ವಿವರಣೆ ಸಿದ್ಧಪಡಿಸುವ ದಿನದ್ದು.

ದಾಖಲೆಯಾಗದ ಗಾಯಗಳು

ಒಟ್ಟು ವೆಚ್ಚ ಲೆಕ್ಕ ಹಾಕಲು ಎಷ್ಟು ಗಾಯಗಳಾಗಿವೆಯೆಂಬುದು ತಿಳಿದಿರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ದೊಡ್ಡ ಅಪಘಾತವಾದಲ್ಲಿ ಸಂಬಂಧಿಸಿದ ಪ್ರಾಧಿಕಾರಕ್ಕೆ ಕೂಡಲೇ ತಿಳಿಸಿ, 24 ಗಂಟೆಗಳೊಳಗೆ ವರದಿ ಸಲ್ಲಿಸಬೇಕೆಂದಿದೆ. ತ್ಯಾಜ್ಯ ಸಾಗಿಸುವ ಲಾರಿ ಮಗುಚುವುದು ದೊಡ್ಡ ಅಪಘಾತ; ಸೂಜಿ ಚುಚ್ಚುವುದು ಆ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗುಳಿದಿದೆ. ಇಂತಹ ಗಾಯಗಳನ್ನು ವಾರ್ಷಿಕ ವರದಿಯಲ್ಲಿ ತೋರಿಸಿದರೆ ಸಾಕು. ಬಹುಸಂಖ್ಯೆಯ ಜನರಿಗೆ ತೊಂದರೆಯಾಗುವ ಘಟನೆಗಳನ್ನು ಪ್ರತ್ಯೇಕಿಸುವುದು ವ್ಯಾಖ್ಯೆಯ ಉದ್ದೇಶವಾಗಿದ್ದು, ಆ ಮಟ್ಟಿಗೆ ಅದು ಸರಿಯೇ. ಆದರೆ ವರ್ಷಕ್ಕೊಮ್ಮೆ ತುಂಬುವ ನಮೂನೆಗೆ, ಗಾಯವಾದ ಕೂಡಲೇ ಹೇಳಿಕೊಳ್ಳದ ಗಾಯವು ಬರುವುದು ಹೇಗೆ? ತಮ್ಮನ್ನೇ ಅಜಾಗರೂಕರೆಂದು ದೂರುವರೆಂಬ ಅಂಜಿಕೆಯಿಂದ ಮೌನವಾಗಿರುವವರೇ ಹೆಚ್ಚು.

ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಚುಚ್ಚುಮದ್ದು ನೀಡಿದವರು ಒಬ್ಬರು, ಮರುದಿನ ಕಸದ ಚೀಲ ಎತ್ತುವಾಗ ಚುಚ್ಚಿಸಿಕೊಳ್ಳುವವರು ಇನ್ನೊಬ್ಬರು. ಬಿಳಿ ಬಣ್ಣದ, ಚುಚ್ಚಿದರೆ ತೂತಾಗದ ಡಬ್ಬಿಗೆ ಹೋಗಬೇಕಾದ ಸೂಜಿಯು ಹಳದಿ ಚೀಲಕ್ಕೆ ಬಿದ್ದಿದ್ದರೆ ಅದು ಯಾವ ರೋಗಿಯದೆಂದು ಹೇಳುವವರೂ ಇರುವುದಿಲ್ಲ. ತ್ಯಾಜ್ಯ ನಿರ್ವಹಿಸುವ ಎಲ್ಲರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು 2016ರ ನಿಯಮಗಳ ಪ್ರಕಾರ ಆಸ್ಪತ್ರೆಯ ಹೊಣೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಹೆಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ, 2017ರಂತೆ, ಸೋಂಕಿನ ಅಪಾಯವಿರುವೆಡೆ ಕೆಲಸ ಮಾಡುವ ಎಲ್ಲರಿಗೂ ಮುನ್ನೆಚ್ಚರಿಕೆಯ ಸಾಧನ, ತರಬೇತಿ ಹಾಗೂ ಚುಚ್ಚಿಕೊಂಡ ನಂತರದ ರೋಗನಿರೋಧಕ ಚಿಕಿತ್ಸೆಯನ್ನು ಸಂಸ್ಥೆಯು ಒದಗಿಸತಕ್ಕದ್ದು. ಗುತ್ತಿಗೆ ಕರಾರುಪತ್ರ ಸಿದ್ಧಪಡಿಸುವಾಗ ಈ ಎರಡೂ ಅಂಶಗಳು ಸೇರಿವೆಯೇ ಎಂದು ನೋಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಎಲ್ಲ ಸಿರಿಂಜುಗಳನ್ನೂ ಒಮ್ಮೆಲೇ ಬದಲಿಸುವುದು ಕಾರ್ಯಸಾಧ್ಯವೆಂದು ತೋರುವುದಿಲ್ಲ, ಅವಶ್ಯಕವೂ ಅಲ್ಲ. ಸೀಸೆಯಿಂದ ಔಷಧ ತೆಗೆದು ಬೆರೆಸಲು ಸಾಮಾನ್ಯ ಸಿರಿಂಜೇ ಅನುಕೂಲ. ರಕ್ತನಾಳದೊಳಗೆ ಇದ್ದು ಬಂದ, ರಕ್ತ ತುಂಬಿದ ಟೊಳ್ಳು ಸೂಜಿಯಿಂದ ಆಗುವ ಆಳವಾದ ಗಾಯವೇ ಹೆಚ್ಚು ಅಪಾಯಕಾರಿಯೆಂದು ಸಾಬೀತಾಗಿರುವುದರಿಂದ, ಹಣ ಸೀಮಿತವಾಗಿರುವಲ್ಲಿ ರಕ್ತ ತೆಗೆಯುವ ಸೂಜಿ ಹಾಗೂ ಡ್ರಿಪ್ ಹಾಕುವ ಕ್ಯಾನುಲಾಗಳಿಂದ ಆರಂಭಿಸುವುದು ಸೂಕ್ತ. ಹೊಸ ಸಾಧನ ಬಂದಾಗ ಅದನ್ನು ಬಳಸುವವರಿಗೆ ತರಬೇತಿ ಅಗತ್ಯ. ಕೀಲು ಮುಚ್ಚಳವನ್ನು ಮಡಚದೆ ಹಾಗೆಯೇ ಎಸೆದರೆ ಹೆಚ್ಚುವರಿ ಬೆಲೆ ವ್ಯರ್ಥ. ಮಾತ್ರೆ ಸಾಕಾಗುವ ಜ್ವರಕ್ಕೂ ಚುಚ್ಚುಮದ್ದನ್ನೇ ಬಯಸುವ ರೋಗಿಗಳ ರೂಢಿಯೂ ಸೂಜಿಗಳ ಸಂಖ್ಯೆಯನ್ನು ಹೆಚ್ಚಿಸುತ್ತಿದೆಯೆಂಬುದನ್ನು ಇಲ್ಲಿ ಸಾರ್ವಜನಿಕರ ಗಮನಕ್ಕೆ ತರಬಯಸುತ್ತೇವೆ.

ಸೂಜಿ ಚುಚ್ಚಿಕೊಂಡಲ್ಲಿ

ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಬೇಕು. ರಕ್ತ ಬರಲೆಂದು ಹಿಂಡಬಾರದು, ಬೆರಳನ್ನು ಬಾಯಿಯಲ್ಲಿಡಬಾರದು, ಸ್ಪಿರಿಟ್ ಅಥವಾ ಬ್ಲೀಚಿಂಗ್ ದ್ರಾವಣ ಹಚ್ಚಬಾರದು. ಕರ್ತವ್ಯನಿರತ ವೈದ್ಯಾಧಿಕಾರಿಗೆ ತಿಳಿಸಿ, ಹೆಚ್.ಐ.ವಿ. ನಿರೋಧಕ ಔಷಧದ ಮೊದಲ ಡೋಸನ್ನು ಸಾಧ್ಯವಾದಷ್ಟು 2 ಗಂಟೆಗಳೊಳಗೆ, ತಡವಾದರೂ 72 ಗಂಟೆಗಳೊಳಗೆ ಪಡೆಯಬೇಕು. ಔಷಧವನ್ನು 28 ದಿನಗಳ ಕಾಲ ಬಿಡದೆ ಸೇವಿಸಬೇಕು. ಹೆಪಟೈಟಿಸ್-ಬಿ ಲಸಿಕೆ ಪಡೆಯದವರು ಲಸಿಕೆ ಹಾಗೂ ಇಮ್ಯುನೊಗ್ಲಾಬ್ಯುಲಿನ್ ಕುರಿತು ವೈದ್ಯರನ್ನು ಅದೇ ದಿನ ವಿಚಾರಿಸಬೇಕು. ಹೆಪಟೈಟಿಸ್-ಸಿಗೆ ತಡೆಯ ಔಷಧವಿಲ್ಲ. ಆದರೆ ಸಕಾಲದಲ್ಲಿ ಪತ್ತೆಯಾದಲ್ಲಿ ಈಗ ಮಾತ್ರೆಗಳಿಂದ ಗುಣಪಡಿಸಬಹುದಾಗಿದ್ದು, ಮರುಪರೀಕ್ಷೆಗಳನ್ನು ತಪ್ಪಿಸಬಾರದು. ಸಮೀಪದ ಎ.ಆರ್.ಟಿ. ಕೇಂದ್ರದ ಮಾಹಿತಿಯನ್ನು ಶುಲ್ಕರಹಿತ ಸಹಾಯವಾಣಿ 1097ರಲ್ಲಿ ಪಡೆಯಬಹುದಾಗಿದೆ.