ಕಚೇರಿಯ ಕಣ್ತಪ್ಪಿಸಿದ ಸಹಾಯಕ

ಸಂಸ್ಥೆಯ ಮಾಹಿತಿ ತಂತ್ರಜ್ಞಾನ ವಿಭಾಗ ಪರಿಶೀಲಿಸಿ ಒಪ್ಪಿಗೆ ನೀಡದ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ನೌಕರರು ಸ್ವಂತ ಖಾತೆಯಿಂದ ಕಚೇರಿ ಕೆಲಸಕ್ಕೆ ಬಳಸಿಕೊಳ್ಳುವುದನ್ನು ಉದ್ಯಮವಲಯದಲ್ಲಿ 'ಶ್ಯಾಡೋ ಎಐ', ಅಂದರೆ ನೆರಳಿನ ಎಐ, ಎನ್ನುತ್ತಾರೆ. ಹೆಸರಿಗೆ ಕಳ್ಳತನದ ವಾಸನೆ ಅಂಟಿದ್ದರೂ ಇದರ ಹಿಂದಿರುವುದು ಬಹುಮಟ್ಟಿಗೆ ಕೆಲಸ ಬೇಗ ಮುಗಿಸುವ ಆತುರ.

ಆತುರದಲ್ಲಿ ಕಚೇರಿಯ ಮಾಹಿತಿ ಹೊರಹೋಗುವ ಅಪಾಯವಿದೆ; ಅನುಮತಿ ಕೊಟ್ಟ ಮಾತ್ರಕ್ಕೆ ಅದು ತಪ್ಪುವುದೂ ಇಲ್ಲ. 2023ರಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿಯ ಸೆಮಿಕಂಡಕ್ಟರ್ ವಿಭಾಗದಲ್ಲಿ ಚಾಟ್‌ಜಿಪಿಟಿ ಬಳಕೆಗೆ ಒಪ್ಪಿಗೆ ದೊರೆತ ಕೆಲವೇ ವಾರಗಳಲ್ಲಿ, ದೋಷ ಹುಡುಕಿಸಲೆಂದು ಸೋರ್ಸ್ ಕೋಡನ್ನೂ, ನಡಾವಳಿ ಬರೆಸಲೆಂದು ಸಭೆಯ ಮಾತುಕತೆಯನ್ನೂ ನೌಕರರು ಅದಕ್ಕೆ ಉಣಿಸಿದ್ದು ಬಯಲಾಯಿತು. ಕಂಪನಿ ಮೊದಲು ಒಂದು ಪ್ರಶ್ನೆಯ ಗಾತ್ರವನ್ನು 1024 ಬೈಟ್‌ಗಳಿಗೆ ಇಳಿಸಿತು (ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ನುಂಗುವುದರಿಂದ, ಕನ್ನಡದಲ್ಲಿ ಕೇಳುವವರಿಗಾದರೆ ಅದು ನಲವತ್ತು ಪದಗಳ ಆಸುಪಾಸಿನಲ್ಲೇ ಮುಗಿಯುವ ಮಿತಿ). ಮೇ ತಿಂಗಳಲ್ಲಿ ತನ್ನ ಉಪಕರಣಗಳಲ್ಲಿ ಇಂಥ ಸಾಧನಗಳನ್ನೇ ನಿಷೇಧಿಸಿತು.

ಭಾರತದ ಹಣಕಾಸು ಸಚಿವಾಲಯವೂ 2025ರ ಜನವರಿಯ ಸುತ್ತೋಲೆಯಲ್ಲಿ, ಚಾಟ್‌ಜಿಪಿಟಿ, ಡೀಪ್‌ಸೀಕ್‌ಗಳಂಥವನ್ನು ಕಚೇರಿಯ ಕಂಪ್ಯೂಟರುಗಳಲ್ಲಿ ಬಳಸಕೂಡದೆಂದು ತಿಳಿಸಿತು. ಆದರೆ ಇಂಥ ಆಜ್ಞೆಯ ಕೈ ಎಲ್ಲಿಯೇ ಆದರೂ ಮೇಜಿನ ಮೇಲಿನ ಯಂತ್ರದವರೆಗಷ್ಟೇ ಚಾಚುತ್ತದೆ. ಜಾಲತಾಣ ತೆರೆಯದಿದ್ದರೆ ಗುಮಾಸ್ತನು ಪರದೆಯ ಮೇಲಿನ ದೂರು ಅರ್ಜಿಯ ಫೋಟೊವನ್ನು ಜೇಬಿನ ಮೊಬೈಲಿನಲ್ಲಿ ತೆಗೆದು, ಅದರಿಂದಲೇ ಉತ್ತರದ ಕರಡು ಮಾಡಿಸಿ, ವಾಟ್ಸ್‌ಆ್ಯಪ್ ಮೂಲಕ ಕಚೇರಿಯ ಕಂಪ್ಯೂಟರಿಗೆ ತಂದುಕೊಳ್ಳಬಲ್ಲನು. ಅರ್ಜಿದಾರನ ವಿಳಾಸ, ಖಾತೆ ಸಂಖ್ಯೆ ಫೋಟೊದೊಂದಿಗೇ ಹೊರಗೆ ಹೋಗಿರುತ್ತವೆ. ಕಚೇರಿಯ ಜಾಲವನ್ನು ಕಾಯುವ ಫೈರ್‌ವಾಲ್‌ನ ದಾಖಲೆಯಲ್ಲಿ ಮಾತ್ರ ಎಲ್ಲವೂ ಕ್ಷೇಮ.

ಚಾಟ್‌ಜಿಪಿಟಿಯ ಉಚಿತ ಖಾತೆಯಲ್ಲಿ ನಡೆದ ಸಂವಾದವು, ಬಳಕೆದಾರ ಸೆಟ್ಟಿಂಗ್ ಬದಲಿಸದ ಹೊರತು, ಮುಂದಿನ ಮಾದರಿಗಳ ತರಬೇತಿಗೆ ಒದಗಬಹುದು. ಸಂಸ್ಥೆ ಹಣ ಕೊಟ್ಟು ಪಡೆಯುವ ವಾಣಿಜ್ಯ ಖಾತೆಯಲ್ಲಿ ಸಾಮಾನ್ಯವಾಗಿ ಹಾಗಾಗದು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದ್ದು, ಆ ಹೊಣೆ ಫೋಟೊ ತೆಗೆದ ನೌಕರನದಲ್ಲ, ದತ್ತಾಂಶ ಸಂಗ್ರಹಿಸಿಟ್ಟುಕೊಂಡ ಸಂಸ್ಥೆಯದು.

ಸಾಧನಗಳ ಹೆಸರು ಪಟ್ಟಿಮಾಡುವ ಆದೇಶ ಎಲ್ಲರ ಸಹಿಗೆ ಸುತ್ತಿ ಬರುವಷ್ಟರಲ್ಲಿ ಹೊಸ ನಾಲ್ಕು ಸಾಧನಗಳು ಹುಟ್ಟಿರುವುದರಿಂದ, ಯಾವ ಬಗೆಯ ಮಾಹಿತಿ ಹೊರಹೋಗಕೂಡದು ಎಂಬುದನ್ನು ಬರೆಯುವುದೇ ಹೆಚ್ಚು ಬಾಳಿಕೆಯ ಕ್ರಮ. ಅದಕ್ಕೂ ಮೊದಲು, ಯಾರು ಯಾವುದಕ್ಕೆ ಏನನ್ನು ಬಳಸುತ್ತಿದ್ದಾರೆಂದು ಕೇಳಬೇಕು. ಮೆಮೊ ಬರುವ ಭಯವಿರುವ ಕಡೆ ಅದಕ್ಕೆ ಸಿಗುವ ಉತ್ತರ 'ಏನೂ ಇಲ್ಲ ಸಾರ್' ಎಂಬುದೊಂದೇ.